ಕಣ್ಣು ಮೇಲೆತ್ತಿದರೆ ಹೌದು

ಕೈಕಾಲು ಬಿದ್ದುಹೋದವರ ಮನೆಯವರು ಈಗೀಗ ನನ್ನನ್ನು ಕೇಳಿಕೊಂಡು ನಮ್ಮೂರಿಗೆ ಬರುತ್ತಾರೆ. ಅದಿಯಮಾನ್‌ಕೋಟೆ ಪಕ್ಕದ ಹಳ್ಳಿಯಲ್ಲಿ ಒಬ್ಬಳಿಗೆ ಇದೇ ಕಾಯಿಲೆ ಬಂದಿತ್ತು, ಈಗ ಎದ್ದು ಓಡಾಡುತ್ತಾಳೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿರುತ್ತಾರೆ. ಬಂದವರು ಮೊದಲು ನನ್ನ ಕಾಲು ನೋಡುತ್ತಾರೆ, ಆಮೇಲೆ ಮುಖ. ಯಾವ ಎಣ್ಣೆ ಹಚ್ಚಿದಿರಿ, ಯಾವ ದೇವರಿಗೆ ಹರಕೆ ಹೊತ್ತಿರಿ, ಎಷ್ಟು ದಿನಕ್ಕೆ ಬೆರಳು ಆಡಿತು ಎಂದು ಕೇಳುತ್ತಾರೆ. ಮೈಯೊಳಗೆ ಸಿಕ್ಕಿಕೊಂಡವಳಿಗೆ ಹೊರಗಿನದು ಹೇಗೆ ಕಾಣುತ್ತದೆ, ಹೇಗೆ ಕೇಳಿಸುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತು. ಅದನ್ನು ಹೇಳಲು ಹೊರಟರೆ ನಮ್ಮ ಮಾವನ ಕಥೆಯನ್ನೂ ಹೇಳಬೇಕಾಗುತ್ತದೆ. ಮಾವ ಈಗಿಲ್ಲ. ಅವರಿದ್ದಿದ್ದರೆ ಇದನ್ನು ಬರೆಯಲು ನನಗೆ ಧೈರ್ಯ ಬರುತ್ತಿರಲಿಲ್ಲ.

ನಾನು ಹೊಸೂರು ಕಡೆಯವಳು. ಎಂಟನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಈ ಅಕ್ಷರ ಉಳಿದಿದೆ. ನನ್ನನ್ನು ಕೊಟ್ಟ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದುವುದೆಲ್ಲ ತಮಿಳು. ನನ್ನ ಗಂಡ ಮಾದೇಶ ಶಂಕಗಿರಿಯಿಂದ ಹೊರಡುವ ಲಾರಿಗಳಲ್ಲಿ ಡ್ರೈವರ್. ಒಮ್ಮೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಅತ್ತೆ, ಮಾವ, ನಾನು, ನನ್ನ ಮಗಳು ಯಾಳಿನಿ, ಮತ್ತೆ ಒಂದಷ್ಟು ಕುರಿ.

ಮಾವನ ಹೆಸರು ಕೆಂಪಯ್ಯ. ಕುರಿಗಳು ಏಳುವ ಮೊದಲೇ ಎದ್ದು ತಣ್ಣೀರು ಸುರಿದುಕೊಂಡು, ಮೂರು ಬೆರಳಲ್ಲಿ ವಿಭೂತಿ ಎಳೆದು, ಮಾದಪ್ಪನ ಪಟದ ಮುಂದೆ ಕೂತರೆ ಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಸೋಮವಾರ ಒಪ್ಪತ್ತು. ವರ್ಷಕ್ಕೊಮ್ಮೆ ಶಿವರಾತ್ರಿಗೆ ಮೇಟೂರು ದಾಟಿ, ಪಾಲಾರ್ ಕಡೆಯಿಂದ ನಡೆದೇ ಮಾದಪ್ಪನ ಬೆಟ್ಟ ಹತ್ತುತ್ತಿದ್ದರು. ಹೊರಗೆ ಎಲ್ಲೂ ನೀರು ಕೂಡ ಕುಡಿಯುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತ ಮೇಲೆ ದಿನವೂ ಒಂದೇ ಮಾತು, "ಎಲ್ರದೂ ಊಟ ಆಯ್ತಾ?" ಎಂದು. ಮನೆಯಲ್ಲಿ ಒಂದು ಹೊಟ್ಟೆ ಹಸಿದಿದ್ದರೂ ಮಾದಪ್ಪ ಎಡೆ ಮುಟ್ಟುವುದಿಲ್ಲ ಎಂದು ನಂಬಿದವರು. ಅತ್ತೆ ಹೌದು ಎಂದ ಮೇಲೇ ಅವರ ಕೈ ಮುದ್ದೆಗೆ ಹೋಗುತ್ತಿತ್ತು. ಅತ್ತೆ ಎಷ್ಟೋ ಸಲ ಸುಳ್ಳು ಹೇಳುತ್ತಿದ್ದರು, ಆ ಮಾತು ಬೇರೆ.

ಒಳ್ಳೆಯವರು. ಆದರೆ ಅವರ ದೇವರು ಇದ್ದ ಮನೆಯಲ್ಲಿ ಸೊಸೆಯಾಗಿರುವುದು ಸುಲಭವಿರಲಿಲ್ಲ. ಅವರೆದುರು ನಾನು ಕೂರುವಂತಿಲ್ಲ, ಸೆರಗು ಜಾರುವಂತಿಲ್ಲ. ನನಗೇನಾದರೂ ಹೇಳಬೇಕಾದರೆ "ಸೊಸೆಗೇಳು" ಎಂದು ಅತ್ತೆಗೆ ಹೇಳುತ್ತಿದ್ದರು, ನಾನು ಪಕ್ಕದಲ್ಲೇ ನಿಂತಿದ್ದರೂ. ತಿಂಗಳ ಮೂರು ದಿನ ಮನೆಯ ಹಿಂದೆ, ಕುರಿ ರೊಪ್ಪದ ಪಕ್ಕದ ತಗಡಿನ ಕೋಣೆ ನನ್ನ ಪಾಲಿಗೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂತು, ಗೋಡೆಯಾಚೆ ಮಗಳು ತಲೆ ಬಾಚಿಸಿಕೊಳ್ಳಲು ಅತ್ತೆಯ ಹತ್ತಿರ ರಂಪ ಮಾಡುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಇದಕ್ಕಿಂತ ಬಂಧನ ಇನ್ನೊಂದಿಲ್ಲ ಎಂದುಕೊಂಡಿದ್ದೆ ಆಗ.

ಕಾಯಿಲೆ ಶುರುವಾದದ್ದು ಕಾಲಿನ ಹೆಬ್ಬೆರಳಿನಲ್ಲಿ. ಅದಕ್ಕೆ ಮುಂಚೆ ಭೇದಿ, ಜ್ವರ ಬಂದು ಹೋಗಿತ್ತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಬೆರಳ ತುದಿ ಜುಮ್ಮೆಂದಿತು. ಮಾರನೇ ದಿನ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಹಿಟ್ಟಿನ ಡಬ್ಬ ಎತ್ತಲು ಹೋಗಿ ಮೊಣಕಾಲು ಮಡಚಿ ಕೂತುಬಿಟ್ಟೆ. ಊರಿನ ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಎಂದು ಗ್ಲೂಕೋಸ್ ಹಾಕಿ ಕಳಿಸಿದರು. ಆಮೇಲೆ ಒಂದು ಬೆಳಗ್ಗೆ ಮಜ್ಜಿಗೆ ಕುಡಿದೆ, ಅದು ಮೂಗಿನಿಂದ ಹೊರಗೆ ಬಂತು. ಅತ್ತೆ ನಕ್ಕರು, ನಾನೂ ನಗಲು ಹೋದೆ. ಬಾಯಿ ಒಂದು ಕಡೆಗೆ ಬರಲೇ ಇಲ್ಲ.

ಬಾಗಿಲಲ್ಲಿ ಮಾವ ನಿಂತಿದ್ದರು. ನನ್ನ ಮುಖ ನೋಡಿದರು. "ಗಾಡಿ ಕರೀರಿ," ಎಂದರು. ಅಷ್ಟೇ.

ಧರ್ಮಪುರಿಯಲ್ಲಿ ನೋಡಿದವರು ಇಲ್ಲಿ ಆಗುವುದಿಲ್ಲ, ಸೇಲಂಗೆ ಒಯ್ಯಿರಿ ಎಂದರು. ಮಾದೇಶ ಆಗ ಲಾರಿ ತೆಗೆದುಕೊಂಡು ಒಡಿಶಾ ಕಡೆ ಹೋಗಿದ್ದ. ಆಂಬುಲೆನ್ಸಿನಲ್ಲಿ ನನ್ನ ಜೊತೆ ಹತ್ತಿದವರು ಮಾವ. ತೊಪ್ಪೂರು ಘಾಟಿನ ಇಳಿಜಾರಿನಲ್ಲಿ ಗಾಡಿ ತಿರುಗಿದ ಹಾಗೆಲ್ಲ ನನ್ನ ತಲೆ ಅತ್ತಿತ್ತ ಉರುಳುತ್ತಿತ್ತು. ಕತ್ತಿಗೆ ಹಿಡಿತವೇ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮಾವ ಕೆಳಗೆ ಕೂತು ಎರಡೂ ಅಂಗೈ ನಡುವೆ ನನ್ನ ತಲೆ ಹಿಡಿದುಕೊಂಡರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೈಯಲ್ಲಿ ಕುರಿಯ ವಾಸನೆ, ವಿಭೂತಿಯ ವಾಸನೆ. "ಎದ್ರಬ್ಯಾಡ ಗೌರವ್ವ," ಎಂದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೂ ಅದೇ ಮೊದಲು. ಸೆರಗು ಸರಿಮಾಡಿಕೊಳ್ಳಬೇಕು ಅನ್ನಿಸಿತು. ಕೈ ಬರಲಿಲ್ಲ.

ನರಕ್ಕೆ ಬರುವ ಕಾಯಿಲೆ, ಮೈಯೇ ಮೈಯ ನರವನ್ನು ತಿನ್ನುತ್ತದೆ, ವಾಸಿಯಾಗುತ್ತದೆ, ಆದರೆ ಯಾವಾಗ ಅನ್ನುವುದನ್ನು ಕೇಳಬೇಡಿ ಎಂದರು ಸೇಲಂನ ಡಾಕ್ಟರು. ಹೆಸರು ಜಿಬಿಎಸ್ ಎಂದರು. ಅದೇ ಹೊತ್ತಿಗೆ ನನಗೆ ಉಸಿರು ಎಳೆಯುವುದು ಕಷ್ಟವಾಗುತ್ತಿತ್ತು. ಎದೆಯ ಮೇಲೆ ಯಾರೋ ಕೂತ ಹಾಗೆ. ಬಾಯಿಗೆ ಕೊಳವೆ ಇಳಿಸಿ ಮಿಷನ್ನಿಗೆ ಹಾಕಿದರು. ಅಲ್ಲಿಂದ ಮುಂದೆ ನಾನು ಒಂದು ಹಾಸಿಗೆ.

ಆ ಕೋಣೆಯಲ್ಲಿ ಹಗಲು ರಾತ್ರಿ ಒಂದೇ ಬೆಳಕು. ನನ್ನ ನೆತ್ತಿಯ ಮೇಲಿನ ಚಾವಣಿಯ ಒಂದು ಹಲಗೆಯಲ್ಲಿ ನೀರಿನ ಕಲೆ ಇತ್ತು. ಅದೇ ನನ್ನ ಊರು, ಅದೇ ನನ್ನ ಬೀದಿ. ಮೈಯ ಯಾವ ಭಾಗವೂ ಅಲ್ಲಾಡುತ್ತಿರಲಿಲ್ಲ. ಎಲ್ಲರೂ ತಿಳಿದುಕೊಂಡಂತೆ ಮೈ ಜೋಮು ಹಿಡಿದಿರಲಿಲ್ಲ. ನೋಯುತ್ತಿತ್ತು. ಬೆನ್ನು ಉರಿಯುತ್ತಿತ್ತು, ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಕೆಂಡವಾಗುತ್ತಿತ್ತು. ಒಮ್ಮೆ ಹಣೆಯ ಮೇಲೆ ನೊಣ ಕೂತಿತು. ಹುಬ್ಬಿಗೆ ಇಳಿಯಿತು, ರೆಪ್ಪೆಯ ಅಂಚಿಗೆ ಬಂತು, ಅಲ್ಲೇ ಕಾಲು ಉಜ್ಜಿಕೊಂಡು ಕೂತಿತು. ನಾನು ಒಳಗೆ ಕಿರುಚಿದೆ. ಮಿಷನ್ ತನ್ನ ಪಾಡಿಗೆ ಉಸಿರಾಡಿಸುತ್ತಿತ್ತು. ನರ್ಸಮ್ಮ ಪಕ್ಕದಲ್ಲೇ ಬೆನ್ನು ತಿರುಗಿಸಿ ಇನ್ನೊಬ್ಬಳ ಜೊತೆ ದೋಸೆಹಿಟ್ಟು ಹುಳಿಬಂದ ಕಥೆ ಹೇಳುತ್ತಿದ್ದಳು. ನೊಣ ಅದಾಗಿಯೇ ಹಾರಿತು. ಆ ಹೊತ್ತು ನನಗೆ ಮೊದಲ ಬಾರಿ ಅನ್ನಿಸಿತು, ಸತ್ತರೆ ಸಾಕು ಎಂದು. ನೋವಿಗಾಗಿ ಅಲ್ಲ, ನೊಣಕ್ಕಾಗಿ.

ರೆಪ್ಪೆ ಸರಿಯಾಗಿ ಮುಚ್ಚುತ್ತಿರಲಿಲ್ಲವೆಂದು ಕಣ್ಣು ಒಣಗದ ಹಾಗೆ ಮುಲಾಮು ಹಾಕಿ ಬಟ್ಟೆ ಪಟ್ಟಿ ಅಂಟಿಸುತ್ತಿದ್ದರು. ಆಗ ಚಾವಣಿಯ ಕಲೆಯೂ ಇಲ್ಲ, ಬರೀ ಸದ್ದು. ಸದ್ದಿನಲ್ಲೇ ಯಾರು ಎಂದು ತಿಳಿಯುವುದನ್ನು ಕಲಿತೆ. ಪಕ್ಕದ ಹಾಸಿಗೆಯ ಅಜ್ಜಿಯ ಮಿಷನ್ ಸದ್ದು ನಿಂತು, ಪರದೆ ಎಳೆದು, ಗಾಡಿ ತಳ್ಳಿಕೊಂಡು ಹೋದದ್ದನ್ನು ಕಿವಿಯಲ್ಲೇ ನೋಡಿದೆ. ಆಮೇಲೆ ಯಾರೋ ನೆಲ ಒರೆಸಿದರು. ಫಿನಾಯಿಲ್ ವಾಸನೆ ಬಂತು.

ದಿನಕ್ಕೆ ಎರಡು ಸಲ, ಒಬ್ಬೊಬ್ಬರನ್ನೇ, ಸ್ವಲ್ಪ ಹೊತ್ತು ಒಳಗೆ ಬಿಡುತ್ತಿದ್ದರು. ಲಾರಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಮಾದೇಶ ಬಂದ. ಬೆಳಗಿನ ಹೊತ್ತು ಅವನದು. ಬಂದವನು ನನ್ನ ಕಾಲ ಬಳಿ ನಿಂತು ಅಳುತ್ತಿದ್ದ, ಮಾತಾಡುತ್ತಿರಲಿಲ್ಲ. ನನ್ನಣ್ಣ ಬಂದರೆ ನನ್ನ ಮುಖ ನೋಡದೆ ಮಿಷನ್ ನೋಡುತ್ತಿದ್ದ. "ಇವಳ್ಗೆ ಏನಾರ ಕೇಳ್ಸುತ್ತಾ?" ಎಂದು ನರ್ಸನ್ನು ನನ್ನ ಎದುರೇ ಕೇಳುತ್ತಿದ್ದ. ಕೇಳಿಸುತ್ತೆ ಎಂದು ಅವಳು ಹೇಳಿದರೂ ನಂಬುತ್ತಿರಲಿಲ್ಲ.

ಸಂಜೆಯ ಹೊತ್ತು ಮಾವನದು. ಊರಿನಿಂದ ಬಸ್ಸು ಹಿಡಿದು ಬರುತ್ತಿದ್ದರು. ಸೆಲ್ವಿ ಎಂಬ ನರ್ಸು ಕಣ್ಣಿನ ಪಟ್ಟಿ ತೆಗೆದು, "ಕಣ್ಣ್ ತೊರಂಗಮ್ಮಾ, ಮಾಮನಾರ್ ವಂದಿರುಕ್ಕಾರು" ಎನ್ನುತ್ತಿದ್ದಳು. ಕಣ್ಣು ತೆರೆಯಮ್ಮಾ, ಮಾವ ಬಂದಿದಾರೆ ಎಂದು. ಚಾವಣಿಯ ಕಲೆಗೆ ಅಡ್ಡವಾಗಿ ವಿಭೂತಿ ಬಳಿದ ಒಂದು ಹಣೆ ಬರುತ್ತಿತ್ತು.

ಇಷ್ಟು ವರ್ಷ ನನ್ನೊಂದಿಗೆ ಮಾತಾಡದೆ ಇದ್ದ ಮನುಷ್ಯ ಅಲ್ಲಿ ಬಾಯಿ ಬಿಟ್ಟರು. ಮೊದಲ ದಿನ ಏನು ಹೇಳಬೇಕೋ ತಿಳಿಯದೆ ಕೆಮ್ಮಿದರು. ಆಮೇಲೆ, "ಕಪ್ಪು ಕುರಿ ಈದೈತೆ. ಎರಡು ಮರಿ. ಒಂದು ನಿಂತ್ಕಣ್ತು, ಇನ್ನೊಂದು ಇನ್ನೂ ನಿಂತಿಲ್ಲ" ಎಂದರು. ಮಾರನೇ ದಿನ ಎರಡನೇ ಮರಿಯೂ ನಿಂತಿತು ಎಂದರು. ಮಳೆ ಮೋಡ ಬಂದು ಹಾಗೇ ಹೋಯಿತು ಎಂದರು. ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಟೀ ಕುಡಿದೆ ಎಂದೂ ಹೇಳಿದರು, ಕದ್ದವರ ಹಾಗೆ ದನಿ ತಗ್ಗಿಸಿ. ಹೊರಗೆ ನೀರು ಮುಟ್ಟದವರು ಟೀ ಕುಡಿದರೆ! ನನಗೆ ನಗು ಬಂದು, ಹೊರಬರಲು ದಾರಿ ಸಿಗದೆ ಎದೆಯಲ್ಲೇ ನಿಂತಿತು.

ಮಾತಿಗೊಂದು ದಾರಿ ಮಾಡಿದವರೂ ಅವರೇ. ಕಣ್ಣುಗುಡ್ಡೆಯನ್ನು ಮೇಲಕ್ಕೆ ಎತ್ತಲು ಮಾತ್ರ ನನಗೆ ಆಗುತ್ತಿತ್ತು. ಡಾಕ್ಟರು ಅದನ್ನು ತೋರಿಸುವಾಗ ಮಾವ ನೋಡಿದ್ದರು. "ಔದು ಅಂದ್ರೆ ಮ್ಯಾಕೆ ನೋಡವ್ವ. ಇಲ್ಲ ಅಂದ್ರೆ ಸುಮ್ಕಿರು" ಎಂದರು. ನೋವೈತಾ? ಮೇಲೆ. ಕಾಲಾ? ಸುಮ್ಮನೆ. ಬೆನ್ನಾ? ಮೇಲೆ. ಸೆಲ್ವಿಯನ್ನು ಕರೆದು ಬೆನ್ನಿಗೆ ದಿಂಬು ಇಡಿಸಿದರು. ಆ ದಿಂಬಿನ ಸುಖ ಇವತ್ತಿಗೂ ಮೈಗೆ ನೆನಪಿದೆ. ಸೇಲಂನ ಅಷ್ಟು ದೊಡ್ಡ ಕಟ್ಟಡದಲ್ಲಿ ಯಾರೋ ಒಬ್ಬರು ನನ್ನನ್ನು ಕೇಳಿ ದಿಂಬು ಇಡಿಸಿದ್ದರು.

ಹೊರಡುವ ಮುಂಚೆ ಪೊಟ್ಟಣ ಬಿಚ್ಚಿ, ನನ್ನ ಹಣೆಗೆ ಒಂದು ಚಿಟಿಕೆ ವಿಭೂತಿ ಹಚ್ಚುತ್ತಿದ್ದರು. ಆಸ್ಪತ್ರೆಯವರು ಅಷ್ಟಕ್ಕೆ ಬಿಟ್ಟಿದ್ದರು. ಮನೆಯ ನೇಮ ಮರೆತಿರಲಿಲ್ಲ ಮಾವ. ಸೊಸೆ ಮುಟ್ಟಾದರೆ ತಿಳಿಸಮ್ಮಾ ಎಂದು ಸೆಲ್ವಿಗೆ ಹೇಳಿಟ್ಟಿದ್ದರಂತೆ, ಬಾಯಿಬಿಟ್ಟು ಹೇಳಲಾರದೆ ಹೇಗೋ ಸುತ್ತಿಬಳಸಿ.

ಒಂದು ಸಂಜೆ ಅವರು ಪೊಟ್ಟಣ ಬಿಚ್ಚುವಾಗ ಸೆಲ್ವಿ ಬಂದಳು. "ಅಪ್ಪಾ, ಅವಂಗಳುಕ್ಕು ಇನ್ನಿಕ್ಕಿ ತೂರಂ" ಎಂದಳು. ತೂರಂ ಎಂದರೆ ದೂರ. ನಮ್ಮ ಕಡೆ ತಮಿಳಿನಲ್ಲಿ ಮುಟ್ಟಿಗೆ ಹಾಗೇ ಹೇಳುತ್ತಾರೆ.

ಮಾವ ಅಲ್ಲೇ ನಿಂತರು. ನಾನು ಚಾವಣಿ ನೋಡುತ್ತಿದ್ದೆ, ಬೇರೇನು ನೋಡಲಿ. ಅವರ ಮುಖ ಕಾಣಿಸುತ್ತಿರಲಿಲ್ಲ, ಕಾಗದದ ಸದ್ದು ಮಾತ್ರ ನಿಂತಿತ್ತು. ಬೆಳಗ್ಗೆಯೇ ನರ್ಸುಗಳು ನನ್ನನ್ನು ಮಗ್ಗುಲಿಗೆ ಹೊರಳಿಸಿ ಒರೆಸಿ ಬಟ್ಟೆ ಬದಲಿಸಿದ್ದರು. ಅದೆಲ್ಲ ಇನ್ನೊಬ್ಬರ ಮೈಗೆ ಆಗುತ್ತಿದೆ ಎಂದು ಸುಮ್ಮನಿದ್ದವಳಿಗೆ ಈಗ ನಾಚಿಕೆ ಬಂದು ಕಣ್ಣಿನ ಅಂಚಿಂದ ನೀರು ಕಿವಿಗೆ ಇಳಿಯಿತು. ಹೋಗಿಬಿಡಿ ಮಾವ ಎಂದು ಬೇಡಿಕೊಂಡೆ. ಮುಟ್ಟಿಸಿಕೊಂಡರೆ ನಿಮ್ಮ ಬೆಟ್ಟದ ನೇಮವೆಲ್ಲ ಹೋಗುತ್ತದೆ. ಆ ಪಾಪವೂ ನನಗೆ ಬೇಡ.

ಮಾವ ಕನ್ನಡದಲ್ಲೇ, ಸೆಲ್ವಿಗೆ ಅರ್ಥವಾಗದು ಎನ್ನುವುದನ್ನೂ ಮರೆತು ಹೇಳಿದರು. "ಎದ್ದು ಒರಗೋಗಿ ಕೂತ್ಕ ಅಂದ್ರೆ ಎಲ್ಗೋದಾಳು ಪಾಪ ಇವ್ಳು?"

ಅವರ ಬೆರಳು ನನ್ನ ಹಣೆಗೆ ತಾಗಿತು. ಅವತ್ತು ಒಂದು ಚಿಟಿಕೆಯಲ್ಲ, ಮೂರು ಬೆರಳಿನ ಪಟ್ಟೆ, ಅವರು ತಮಗೆ ಬಳಿದುಕೊಳ್ಳುವ ಹಾಗೆ.

ಸ್ವಲ್ಪ ದಿನಕ್ಕೆ ಡಾಕ್ಟರು ಮಾದೇಶನನ್ನು ಕರೆಸಿದರು. ನನ್ನ ಹಾಸಿಗೆಯ ಪಕ್ಕದಲ್ಲೇ ಅವರು ಕೂರುವ ಚಿಕ್ಕ ಕೋಣೆ, ಅದರ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ. ಎಲ್ಲ ಕೇಳಿಸಿತು. ಬಾಯಿಯ ಕೊಳವೆ ಹೆಚ್ಚು ದಿನ ಇಡುವಂತಿಲ್ಲ, ಗಂಟಲಿನಲ್ಲಿ ತೂತು ಮಾಡಿ ಅಲ್ಲಿಂದ ಉಸಿರು ಕೊಡಬೇಕು, ಮನೆಯವರು ಸಹಿ ಹಾಕಬೇಕು ಎಂದರು. ಆಮೇಲೆ ತೂತು ತಾನೇ ಮುಚ್ಚಿಕೊಳ್ಳುತ್ತದೆ ಎಂದರು. ನಮ್ಮ ಮನೆಯವರ ಕಿವಿಗೆ ಹೋದದ್ದು ಗಂಟಲು ಕುಯ್ಯುವುದು ಒಂದೇ.

ಮಧ್ಯಾಹ್ನಕ್ಕೆ ಅತ್ತೆ, ನನ್ನಣ್ಣ ಎಲ್ಲ ಬಂದು ಆ ಚಿಕ್ಕ ಕೋಣೆಯಲ್ಲೇ ಸೇರಿದರು.

"ಗಂಟ್ಲು ಕುಯ್ದ್ಮೇಲೆ ಇನ್ನೇನೈತಪ್ಪ? ಮಾತೂ ಓಯ್ತು, ಅನ್ನಾನೂ ಓಯ್ತು," ಎಂದು ಅತ್ತೆ ಅತ್ತರು. "ಮಾದಪ್ಪನ ಬೆಟ್ಟಕ್ಕೆ ಒತ್ಕಂಡೋಗಿ ಮಲಗ್ಸಾನ. ಅವ್ನೇ ಕಾಯ್ಲಿ, ಅವ್ನೇ ಕರ್ಕಳ್ಲಿ."

"ವೀಟ್ಟುಕ್ಕು ಕೂಟ್ಟಿಟ್ಟು ಪೋಯಿಡಲಾಂ ಮಚ್ಚಾ," ಎಂದ ನನ್ನಣ್ಣ ಮಾದೇಶನಿಗೆ. ಮನೆಗೆ ಕರಕೊಂಡು ಹೋಗಿಬಿಡೋಣ ಎಂದು. ಅದರ ಅರ್ಥ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಮಿಷನ್ ಬಿಚ್ಚಿ ಮನೆಗೆ ಒಯ್ಯುವುದು, ನೆಂಟರಿಗೆ ಫೋನು ಮಾಡುವುದು. "ಎಷ್ಟ್ ದಿನಾಂತ ಅವ್ಳೂ ನರಳ್ತಾಳೆ? ನೋಡೋಕಾಗಲ್ಲ ನನ್ ಕೈಲಿ."

ಮಾದೇಶ ಮೂಗು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

ನಿಜ ಹೇಳುತ್ತೇನೆ, ಅಣ್ಣನ ಮಾತು ಕೇಳಿ ನನಗೆ ಸಿಟ್ಟು ಬರಲಿಲ್ಲ. ಹೌದು, ಕರಕೊಂಡು ಹೋಗಿ ಅನ್ನಿಸಿತು. ಈ ಕಾಯಿಲೆಯಲ್ಲಿ ಮಲಗಿದವರಿಗೆ ಹಾಗೆ ಅನ್ನಿಸಿದರೆ ಅವರು ಕೆಟ್ಟವರಲ್ಲ, ಮನೆಯವರ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಬಾಗಿಲಿಲ್ಲದ ಗೋಡೆಯನ್ನು ಎಷ್ಟು ಹೊತ್ತು ತಡವುತ್ತಾ ಇರಲು ಆಗುತ್ತದೆ?

ಆಗ ಮಾವನ ದನಿ ಕೇಳಿತು. "ಅವ್ಳನ್ನ ಕೇಳುದ್ರಾ?"

"ಅವ್ಳನ್ನೇನಪ್ಪ ಕೇಳದು," ಎಂದ ಮಾದೇಶ.

"ಗಂಟ್ಲು ಯಾರ್ದು? ನಿಂದಾ?"

ಹೆಂಡತಿಯನ್ನು ಒಂದು ಮಾತೂ ಕೇಳದೆ ಎಲ್ಲ ಮಾಡುತ್ತಿದ್ದ ಅಪ್ಪನ ಮಗ ಅವರು. ಮಗಳ ಮದುವೆಗೆ ಮಗಳನ್ನು ಕೇಳಿದವರಲ್ಲ, ಕುರಿ ಮಾರುವಾಗ ಅತ್ತೆಯನ್ನು ಕೇಳಿದವರಲ್ಲ. ಡಾಕ್ಟರ ಹತ್ತಿರ ಏನು ಹೇಳಿದರೋ, ಹೊತ್ತಲ್ಲದ ಹೊತ್ತಿನಲ್ಲಿ ಅವರನ್ನು ಒಳಗೆ ಬಿಟ್ಟರು. ಆ ಹಣೆ ಮತ್ತೆ ನನ್ನ ಚಾವಣಿಯ ಮೇಲೆ ಬಂತು.

"ಗೌರವ್ವ, ಎಲ್ಲಾ ಕೇಳುಸ್ಕಂಡಿದೀಯ ಅಂತ ಗೊತ್ತು. ಗಂಟ್ಲಿಗೆ ಕೊಳವೆ ಆಕ್ತಾರಂತೆ. ಆಮ್ಯಾಕೆ ತಗೀತಾರಂತೆ. ನಿಂಗೆ ಬದುಕ್ಬೇಕು ಅನ್ಸುತ್ತಾ, ಸಾಕು ಅನ್ಸುತ್ತಾ? ಸಾಕು ಅಂದ್ರೂ ನಾನು ತಪ್ಪು ತಿಳ್ಕಳಲ್ಲ. ಮಾದಪ್ಪನೂ ತಿಳ್ಕಳಲ್ಲ. ಬೇಕು ಅಂದ್ರೆ ಮ್ಯಾಕೆ ನೋಡು."

ನಾನು ನೋಡಲಿಲ್ಲ. ಬೇಡವೆಂದು ಅಲ್ಲ, ಬೇಕೆಂದೂ ಅಲ್ಲ. ಇಷ್ಟು ದಿನ ನನ್ನನ್ನು ಕೇಳಿದ್ದು ಕಾಲಾ, ಬೆನ್ನಾ ಎಂದಷ್ಟೇ. ಒಮ್ಮೆಗೇ ಇಷ್ಟು ದೊಡ್ಡದನ್ನು ಕೇಳಿದರೆ ಉತ್ತರ ಎಲ್ಲಿಂದ ತರಲಿ?

ಅವರು ಕಾದರು. ಆಮೇಲೆ ಹೊರಗೆ ಹೋಗಿ, "ಅವ್ಳಿನ್ನೂ ಉತ್ರ ಏಳಿಲ್ಲ. ನಾಳೀಕೆ ಕೇಳ್ತೀನಿ. ಅಲ್ಲೀಗಂಟ ಯಾರೂ ಏನೂ ಮಾಡಂಗಿಲ್ಲ" ಎಂದರು. ಡಾಕ್ಟರು ಒಂದು ದಿನ ತಡೆಯಬಹುದು, ಅದಕ್ಕಿಂತ ಬೇಡ ಎಂದದ್ದೂ ಕೇಳಿಸಿತು.

ಮಾರನೇ ಸಂಜೆ ಬಂದವರು ಆ ಮಾತು ಎತ್ತಲೇ ಇಲ್ಲ. ಯಾಳಿನಿಯ ಸುದ್ದಿ ಹೇಳಿದರು. ಅತ್ತೆಯ ಬೆರಳ ಗೆಣ್ಣು ಊದಿಕೊಂಡಿದ್ದರಿಂದ ಅವಳಿಗೆ ಈಗ ಜಡೆ ಹಾಕುವವರು ತಾವೇ ಎಂದರು. "ಮೂರೆಳೆ ನಂಗೆ ಬರಲ್ಲ ಕಣವ್ವ. ಕುರಿ ಅಗ್ಗ ಒಸೀತೀನಲ್ಲ, ಅಂಗೇ ಎರಡೆಳೆ ಆಕಿ ಒಸ್ದು ತುದೀಲಿ ಗಂಟಾಕ್ದೆ. ಗಟ್ಟಿಯಾಗೈತೆ, ಎರಡು ದಿನ ಬಿಚ್ಚಂಗೇ ಇಲ್ಲ. ಇಸ್ಕೂಲಲ್ಲಿ ಟೀಚರಮ್ಮ ನಕ್ಕುಬುಟ್ಳಂತೆ. ಮಗೀಗೆ ಕಣ್ಣೇ ಮುಚ್ಚಕಾಗ್ತಿಲ್ಲ ಅಂತಾಳೆ, ಅಷ್ಟು ಬಿಗಿ."

ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟು ಎಂದರೆ, ಅಷ್ಟು ದಿನದಲ್ಲಿ ಮೊದಲ ಬಾರಿ ನನ್ನ ಬೆನ್ನು, ಹಿಮ್ಮಡಿ ಎಲ್ಲ ಮರೆತುಹೋಯಿತು. ಎರಡು ದಿನ ಬಿಚ್ಚದೆ ಬಿಟ್ಟರೆ ಹೇನಾಗುತ್ತದೆ. ಆ ಮಗುವಿನ ನೆತ್ತಿ ಮೆತ್ತಗೆ, ಬಾಚಣಿಗೆ ತಾಗಿದರೆ ಅಳುತ್ತಾಳೆ. ಮೊದಲು ಎಣ್ಣೆ, ಆಮೇಲೆ ಕೆಳಗಿನಿಂದ ಸಿಕ್ಕು ಬಿಡಿಸಬೇಕು. ಇದನ್ನು ಈ ಮನುಷ್ಯನಿಗೆ ಹೇಳುವವರು ಯಾರು? ಹೇಳಬೇಕು. ಹೇಳಲು ಬಾಯಿ ಬೇಕು.

ಸೆಲ್ವಿ, "ಅಪ್ಪಾ, ಟೈಮ್ ಆಯಿಡಿಚ್ಚು" ಎಂದಳು. ಹೊತ್ತಾಯಿತು ಎಂದು. ಮಾವ ಆಗ ಬಗ್ಗಿದರು. "ಏನವ್ವ, ನಿನ್ನೆ ಕೇಳ್ದೆನಲ್ಲ?"

ನಾನು ಮೇಲೆ ನೋಡಿದೆ. ಸಾಲದೆಂದು ಇನ್ನೊಮ್ಮೆ ನೋಡಿದೆ. ಅವರಿಗೆ ಗೊತ್ತಾಗಲಿಲ್ಲವೇನೋ ಎಂದು ಮತ್ತೆ ಮತ್ತೆ ನೋಡಿದೆ.

"ಗೊತ್ತಾಯ್ತು ಗೊತ್ತಾಯ್ತು," ಎಂದರು. ಹೊರಗೆ ಹೋಗಿ ಜೋರಾಗಿ, ಆಸ್ಪತ್ರೆ ಎಂಬುದನ್ನೂ ನೋಡದೆ, "ಉಘೇ ಮಾದಪ್ಪ!" ಎಂದು ಕೂಗಿದರು. ಯಾರೋ ಗದರಿದರು. ಮಾದೇಶ ಸಹಿ ಹಾಕಿದ.

ಆ ವರ್ಷ ಶಿವರಾತ್ರಿಗೆ ಮಾವ ಬೆಟ್ಟಕ್ಕೆ ಹೋಗಲಿಲ್ಲ. ಅತ್ತೆ ಎಷ್ಟು ಹೇಳಿದರೂ ಸೇಲಂ ಬಸ್ಸನ್ನೇ ಹತ್ತಿದರು. ನನ್ನ ಹತ್ತಿರ ಮಾತ್ರ ಒಮ್ಮೆ, "ಬ್ಯಾಸರಾಗುತ್ತೆ ಕಣವ್ವ" ಎಂದರು. ಅವರೂ ಸಿಕ್ಕಿಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು. ಆ ಆಸ್ಪತ್ರೆಯ ಪಡಸಾಲೆಗೂ ಬಾಗಿಲಿರಲಿಲ್ಲ.

ವಾಸಿಯಾದ ಕಥೆ ಬಹಳ ನಿಧಾನ, ಹೇಳಲು ರುಚಿಯಿಲ್ಲ. ಮಿಷನ್ನಿನಿಂದ ಬಿಡಿಸಿದ್ದು, ಮತ್ತೆ ಹಾಕಿದ್ದು, ಮತ್ತೆ ಬಿಡಿಸಿದ್ದು. ಒಂದು ದಿನ ಹೆಬ್ಬೆರಳು ಅಲ್ಲಾಡಿತು, ಆಮೇಲೆ ಎಷ್ಟೋ ದಿನ ಮತ್ತೇನೂ ಇಲ್ಲ. ಗಂಟಲಿನ ತೂತಿಗೆ ಬೆರಳಿಟ್ಟು ಮುಚ್ಚಿದರೆ ಮಾತು ಬರುತ್ತದೆ ಎಂದು ಸೆಲ್ವಿ ತೋರಿಸಿದಳು. ಬೆರಳು ಅವಳದೇ, ನನ್ನ ಕೈ ಎಲ್ಲಿ ಬರಬೇಕು. ಮಾವ ಎದುರಿಗಿದ್ದರು. ಅಷ್ಟು ದಿನ ಕೂಡಿಟ್ಟ ಮಾತು ಗೊರಗೊರ ಎಂದು ಹೊರಬಂತು. "ಎರಡೆಳೆ ಬೇಡ ಮಾವ. ಮೂರೆಳೆ."

ಮಾವ ನಕ್ಕರು. ನಾನು ಅವರೊಂದಿಗೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದದ್ದು ಮಗುವಿನ ಹಾಗೆ, ಎತ್ತಿಕೊಂಡು. ಹೊರಗಿನವರಿಗೆ ಅದು ಗೆದ್ದು ಬಂದಂತೆ, ನನಗೆ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆ. ಮಾದೇಶ ಮತ್ತೆ ಲಾರಿ ಹತ್ತಿದ. ಅತ್ತೆ ತಿನ್ನಿಸಬೇಕು, ತೊಳೆಯಬೇಕು. ಅವರೂ ದಣಿದಿದ್ದರು. ಕೆಲವು ದಿನ ತಟ್ಟೆ ಕುಕ್ಕಿ ಇಡುತ್ತಿದ್ದರು, ನಾನು ಗೋಡೆ ಕಡೆ ತಿರುಗುತ್ತಿದ್ದೆ, ತಿರುಗಲು ಬರುತ್ತಿದ್ದದ್ದೇ ಅಷ್ಟು. ಮಾವ ಅಂಗಳದಲ್ಲಿ ಎರಡು ಸಾಲು ಬಿದಿರು ಕಟ್ಟಿ, ನಡುವೆ ಹಿಡಿದುಕೊಂಡು ನಿಲ್ಲಲು ದಾರಿ ಮಾಡಿಕೊಟ್ಟರು. ದಿನವೂ ಬೀಳುತ್ತಿದ್ದೆ.

ಬಂದ ಸ್ವಲ್ಪ ದಿನಕ್ಕೆ ನಾನು ಮುಟ್ಟಾದೆ. ಅತ್ತೆ ಏನೂ ಹೇಳದೆ ಹಿಂದಿನ ತಗಡಿನ ಕೋಣೆ ಗುಡಿಸಿ ಚಾಪೆ ಹಾಸಿದರು. ನನ್ನನ್ನು ಎತ್ತಿಕೊಂಡು ಹೋಗಲು ಪಕ್ಕದ ಮನೆಯವಳನ್ನು ಕರೆದರು. ಆ ಕೋಣೆಯಲ್ಲಿ ಒಬ್ಬಳೇ, ನೊಣ ಓಡಿಸಲು ಬಾರದ ಕೈ.

ಮಾವ ದೇವರ ಮುಂದಿನಿಂದ ಎದ್ದು ಬಂದರು. ಅತ್ತೆಯನ್ನು ನೋಡಿದರು, ಚಾಪೆಯನ್ನು ನೋಡಿದರು. ಅವರಿಂದ ಏನೋ ದೊಡ್ಡ ಮಾತು ಬರುತ್ತದೆ ಎಂದು ಕಾದೆ. ಅವರು ಮಾದಪ್ಪನ ಪಟ ಗೋಡೆಯಿಂದ ತೆಗೆದು ಬಗಲಲ್ಲಿ ಇಟ್ಟುಕೊಂಡರು, ಕಂಬಳಿ ಹೆಗಲಿಗೆ ಹಾಕಿಕೊಂಡರು.

"ಎಲ್ಗೆ?" ಎಂದರು ಅತ್ತೆ.

"ಅವ್ಳು ಒಳಗಿರ್ಲಿ. ನಾನೂ ಮಾದಪ್ಪನೂ ಒರಗಿರ್ತೀವಿ."

ಮೂರು ದಿನ ಆ ತಗಡಿನ ಕೋಣೆಯಲ್ಲೇ ಇದ್ದರು. ಬೆಳಗ್ಗೆ ಅಲ್ಲೇ ಪೂಜೆ, ಅಲ್ಲೇ ಊಟ. ಗೋಡೆಯಾಚೆಯಿಂದ, "ಎಲ್ರದೂ ಊಟ ಆಯ್ತಾ?" ಎಂದು ಕೂಗುತ್ತಿದ್ದರು. ಬಿಸಿಲಿಗೆ ತಗಡು ಕಾದು, ಸಂಜೆ ಹೊತ್ತಿಗೆ ಮುಖ ಕೆಂಪಾಗಿರುತ್ತಿತ್ತು. ಆಮೇಲಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ನೇಮ ಬಿಡಲಿಲ್ಲ, ನನ್ನನ್ನೂ ಹೊರಗೆ ಕಳಿಸಲಿಲ್ಲ. ಊರಿನವರು ನಕ್ಕರು. ಅತ್ತೆ ಮೊದಮೊದಲು ತಲೆ ಚಚ್ಚಿಕೊಂಡರು, ಆಮೇಲೆ ಅಲ್ಲಿಗೊಂದು ಫ್ಯಾನು ಹಾಕಿಸಿದರು.

ನಾನು ಕಾಲಿಗೆ ಪಟ್ಟಿ ಕಟ್ಟಿ, ಕೋಲು ಹಿಡಿದು ನಡೆಯುವ ಹೊತ್ತಿಗೆ ಯಾಳಿನಿ ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ಬೆಳೆದಿದ್ದಳು. ಪಾದ ಇವತ್ತಿಗೂ ಎದ್ದೇಳುವುದಿಲ್ಲ, ನೆಲ ಕೆರೆದುಕೊಂಡು ಬರುತ್ತದೆ. ಓಡುವುದು ನನ್ನಿಂದ ಆಗುವುದಿಲ್ಲ. ಮಾವ ಮತ್ತೆ ಬೆಟ್ಟಕ್ಕೆ ಹೋಗಿಬಂದರು. ಬಂದ ಮೇಲೆ ಸುಸ್ತು ಎಂದರು, ಎದೆ ಉಜ್ಜಿಕೊಂಡರು. ಆಸ್ಪತ್ರೆಗೆ ಹೋಗೋಣ ಎಂದರೆ, "ಸಾಕಾಯ್ತು ಕಣವ್ವ ಆಸ್ಪತ್ರೆ ವಾಸ್ನೆ" ಎಂದು ನಕ್ಕುಬಿಟ್ಟರು.

ಆಮೇಲೊಂದು ದಿನ ಬೆಳಗ್ಗೆ, ಬಿಸಿಲು ಆಗಷ್ಟೇ ಏರುತ್ತಿತ್ತು. ಅತ್ತೆ ನೀರಿಗೆ ಹೋಗಿದ್ದರು, ಯಾಳಿನಿ ಶಾಲೆಗೆ. ನಾನು ಹಿತ್ತಿಲ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಹೊಲದಾಚೆ ಹುಣಸೆಮರದ ಹತ್ತಿರ ಮಾವ ಕುರಿ ಬಿಟ್ಟಿದ್ದರು. ನೋಡುತ್ತಿದ್ದ ಹಾಗೆ ಅವರು ಮರ ಹಿಡಿದುಕೊಂಡರು, ಹಾಗೇ ಜಾರಿ ಕೂತರು, ಆಮೇಲೆ ಮಗ್ಗುಲಾದರು. ಕುರಿಗಳು ಸುತ್ತ ಮೇಯುತ್ತಲೇ ಇದ್ದವು.

ನಾನು ಕೂಗಿದೆ. ಅಕ್ಕಪಕ್ಕ ಯಾರೂ ಇರಲಿಲ್ಲ. ಕೋಲು ಹಿಡಿದು ಎದ್ದೆ. ಉತ್ತ ಹೊಲ, ಹೆಂಟೆ ಹೆಂಟೆ ನೆಲ. ಮನಸ್ಸು ಮರದ ಹತ್ತಿರ ಹೋಗಿಯಾಗಿತ್ತು, ಪಾದ ಇಲ್ಲೇ ಮಣ್ಣು ಕೆರೆಯುತ್ತಿತ್ತು. ಆಸ್ಪತ್ರೆಯಲ್ಲಿ ಅಲ್ಲಾಡದೆ ಮಲಗಿದ್ದಾಗಲೂ ನನ್ನ ಮೈ ನನ್ನನ್ನು ಇಷ್ಟು ಬಿಗಿಯಾಗಿ ಹಿಡಿದಿರಲಿಲ್ಲ. ಅರ್ಧ ಹೊಲಕ್ಕೆ ಹೋಗುವಷ್ಟರಲ್ಲಿ ಎಡವಿ ಮಂಡಿ ಊರಿದೆ, ಕೋಲು ದೂರ ಹೋಯಿತು. ಅಂಬೆಗಾಲಲ್ಲಿ ಹೋಗಿ ಹಿಡಿದುಕೊಂಡು ಮತ್ತೆ ಎದ್ದೆ.

ಮಾವ ತಲೆ ಇತ್ತ ತಿರುಗಿಸಿದ್ದರು. ನನ್ನನ್ನೇ ನೋಡುತ್ತಿದ್ದರು. ಅವರ ಕೈ ನೆಲದಿಂದ ಸ್ವಲ್ಪ ಎದ್ದಿತು, ನಿಲ್ಲು ಎನ್ನುವ ಹಾಗೆ.

"ಓಡ್ಬ್ಯಾಡ ತಾಯಿ, ಬಿದ್ಬುಟ್ಟೀಯ," ಎಂದರು. ದನಿ ಸಣ್ಣಗಿತ್ತು, ಗಾಳಿಯಿಲ್ಲದ್ದರಿಂದ ಕೇಳಿಸಿತು. "ನಿಧಾನುಕ್ ಬಾ. ನಾನಿಲ್ಲೇ ಇರ್ತೀನಿ."

ನಾನು ಕೋಲು ಊರಿ ಊರಿ, ಒಂದೊಂದೇ ಹೆಜ್ಜೆ ನೋಡಿಕೊಂಡು ಹೋದೆ. ಹತ್ತಿರ ಹೋಗಿ ಕೂತು, ಅವರ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಾಗ ಅವರಿಗೆ ಇನ್ನೂ ಉಸಿರಿತ್ತು.